ದುಂಡರಾಜನ ಒಡಪು

ಕೇಳ್ರಿ ಕೇಳ್ರಿ, ಹೇಳಿದ್ರ ನಂಬಂಗಿಲ್ಲ ನೀವು. ನೆಗ್ಗಿಲನಾಡಿನ ದುಂಡರಾಜನ್ನ ಅವನ ಅರಮನಿ ಬಾಗಿಲದಾಗನ ತಡದು ನಿಲ್ಲಿಸ್ಯಾರ. ಯಾರು? ವೈರಿ ಅಲ್ಲ, ಕಳ್ಳ ಅಲ್ಲ, ಒಡಹುಟ್ಟಿದ ತಂಗಿ ಸತ್ಯವ್ವ.

ಆ ನಾಡಿನ ಪದ್ಧತಿ ಹಂಗ. ಮದಿವಿ ಮಾಡ್ಕೊಂಡು ಬಂದ ಗಂಡು ಹೊಸ್ತಿಲ ದಾಟೂಕಿಂತ ಮೊದಲ ಹೆಂಡ್ತಿ ಹೆಸರಿಟ್ಟು ಒಡಪು, ಅಂದ್ರ ಪ್ರಾಸ ಕೂಡಿಸಿದ ಸಣ್ಣ ಪದ, ಹೇಳಬೇಕು. ಮೂರು ಸಲ ತಪ್ಪಿದ್ರ ಹೆಣ್ಣಿನ ಬಂಡಿ ಹೊಳ್ಳಿ ತವರಿಗೆ. ಮದಿವಿ ಮುರದಂಗ.

"ಹೇಳಣ್ಣ," ಅಂದ್ಲು ಸತ್ಯವ್ವ, ಬಾಗಿಲಿಗೆ ಅಡ್ಡ ಕೈ ಚಾಚಿ.

ಇದೇನ್ ದೊಡ್ಡ ಮಾತು ಅಂತ ರಾಜ ಮೀಸಿ ತಿರುವಿದ. "ಹಸರ ಹೊಲದಾಗ ಜ್ವಾಳದ ತೆನಿ, ನೀಲವ್ವ ಬಂದ್ಲು, ಬೆಳಗಿತು ಮನಿ."

ವಾದ್ಯದವ್ರು ಬಾರಿಸೂದು ಬಿಟ್ರು. ಯಾಕಂದ್ರ ಬಾಜೂಕ ನಿಂತ ಮದುಮಗಳು ಚಂಪವ್ವ. ನೀಲವ್ವ ಅಂದ್ರ ಮೊದಲ ನಿಶ್ಚಯ ಆದಾಕಿ. ರಾಜನ ಗೊರಕಿ ಕೇಳಿ ಅವರಪ್ಪ ತಾಂಬೂಲ ವಾಪಸ್ ಕಳಿಸಿದ್ದ.

"ಬಾಯಿ ಜಾರ್ತು," ಅಂದ ರಾಜ. ಬೆವರು ಒರಸ್ಕೊಂಡ. "ಹಸರ ಹೊಲದಾಗ ಜ್ವಾಳದ ತೆನಿ, ಬಾಳವ್ವ ಬಂದ್ಲು, ಬೆಳಗಿತು..."

ಬಾಳವ್ವ ಎರಡನೇದಾಕಿ. ಆಕಿ ಮಗ್ಗಲ ರಾಜ್ಯದ ರಾಜನ್ನ ಮಾಡ್ಕೊಂಡು ಹಾಯಾಗಿ ಇದ್ದಾಳ.

ಚಂಪವ್ವನ ಸೋದರಮಾವ ಬಂಡಿಗೆ ಎತ್ತು ಹೂಡಾಕ ಹೊಂಟ. ರಾಜ ಲೆಕ್ಕಾ ಹಾಕಿದ. ಇನ್ನೊಂದು ತಪ್ಪಿದ್ರ ಮೂರನೇದಾಕಿನೂ ಹೋದ್ಲು. ನಾಲ್ಕನೇ ಹೆಣ್ಣು ಯಾರ್ ಕೊಡ್ತಾರ?

"ತಡೀರಿ ಮಾವ," ಅಂದ್ಲು ಚಂಪವ್ವ. ಆಕಿಗೆ ಸಿಟ್ಟಿಗಿಂತ ನಗೀನ ಹೆಚ್ಚು ಬಂದಿತ್ತು. "ಮಹಾರಾಜ್ರ, ಇವರಿಬ್ಬರೂ ನಿಮ್ಮ ಬಾಯಾಗ ಇನ್ನೂ ಯಾಕ ಅದಾರ?"

"ಪಂಡಿತರು ದಿನಾ ಹೇಳಿಸ್ತಾರ," ಅಂದ ರಾಜ, ಸಣ್ಣ ಹುಡುಗನಂಗ. "ಕಲ್ತದ್ದು ಒಂದೂ ಮರೀಬಾರದಂತ."

ಆಸ್ಥಾನ ಪಂಡಿತ ತಿರಕಭಟ್ಟ ಮುಂದ ಬಂದ. ಮೊದಲ ಹೊಟ್ಟಿ ಬಂತು, ಹಿಂದ ಅಂವ ಬಂದ. "ಹೌದು ತಾಯಿ. ಮರೆಯೋದು ಮೂರ್ಖರ ಲಕ್ಷಣ. ಮೂರೂ ಒಡಪು, ಸತ್ತ ಆನಿ ಹೆಸರು, ಬಿದ್ದುಹೋದ ಕ್ವಾಟಿ ಬಾಗಿಲು, ಎಲ್ಲಾ ದಿನಾ ಒಂದ ಸಮ ಹೇಳಿಸ್ತೀನಿ. ಅದಕ್ಕ ನನಗ ದಿನಾ ತುಪ್ಪದೂಟ."

"ಹಂಗಾದ್ರ ನೀವು ಏನೂ ಮರ್ತಿಲ್ಲ?"

"ಒಂದಕ್ಷರ ಇಲ್ಲ."

"ಛಲೋ ಆತು. ನಿಮ್ಮ ಹೆಂಡ್ತಿ ವೇಣಕ್ಕನ್ನ ಮಾಡ್ಕೊಳ್ಳೂಕಿಂತ ಮೊದಲ ನಿಮಗ ನಮ್ಮೂರ ಹುಡುಗಿ ಒಬ್ಬಾಕಿ ನಿಶ್ಚಯ ಆಗಿದ್ಲಂತಲ್ಲ. ಆಕಿ ಹೆಸರಿಟ್ಟು ಒಂದು ಒಡಪು ಹೇಳ್ರಿ, ನಾವೂ ಕಲ್ಯೂನು."

ರೂಢಿ ನೋಡ್ರಿ, ಪಂಡಿತನ ಬಾಯಿ ತಾನ ತೆರೀತು. "ತಾಮ್ರದ ತಂಬಿಗ್ಯಾಗ ತಣ್ಣನ ನೀರು..."

ಬೆನ್ನ ಹಿಂದ ಬಳಿ ಸದ್ದಾತು. ಹೊಳ್ಳಿ ನೋಡ್ತಾನ, ಹೆಂಡ್ತಿ ವೇಣಕ್ಕ. ಹೋಳಿಗಿ ಲಟ್ಟಸೂದು ಬಿಟ್ಟು ಬಂದಾಳ. ಲಟ್ಟಣಿಗಿ ಮಾತ್ರ ಬಿಟ್ಟಿಲ್ಲ.

"ಹೇಳ್ರಲ್ಲ, ನಾನೂ ಕೇಳ್ತೀನಿ," ಅಂದ್ಲು, ಭಾಳ ಮೆತ್ತಗ.

"ಮರ್ತೀನಿ," ಅಂದ ಪಂಡಿತ.

"ಕೇಳಸ್ಲಿಲ್ಲ."

"ಮರ್ತೀನಿ ಮಾರಾಯ್ತಿ, ಪೂರಾ ಮರ್ತೀನಿ."

"ಮರೆಯೋದು ಮೂರ್ಖರ ಲಕ್ಷಣ ಅಂದ್ರಲ್ಲ?" ಕೇಳಿದ್ಲು ಚಂಪವ್ವ.

"ಅಲ್ಲ ತಾಯಿ, ಸಂಸಾರಸ್ಥರ ಲಕ್ಷಣ."

ಮಂದಿ ನಕ್ಕಿದ್ದ ನಕ್ಕಿದ್ದು. ಆಗ ಚಂಪವ್ವ ರಾಜನ ಕಡೆ ತಿರುಗಿದ್ಲು. "ಇನ್ನೊಂದು ಸಲ ಉಳದೈತಿ, ಅದನ್ನ ಹುಣ್ಣಿಮಿಗೆ ಹೇಳ್ರಿ. ಅಲ್ಲೀತನಕ ನಾನು ತವರಿನಾಗ ಇರ್ತೀನಿ. ದಿನಾ ನನ್ನ ಒಡಪು ಒಂದ ಹೇಳ್ರಿ, ಉಳದೆರಡು ಮುಟ್ಟಬ್ಯಾಡ್ರಿ. ನಡದ ದಾರಿ ಗಟ್ಟಿ ಆಗ್ತೈತಿ. ನಡೀದ ದಾರ್ಯಾಗ ಹುಲ್ಲು ಬೆಳೀತೈತಿ. ಬೆಳೀಲಿ ಬಿಡ್ರಿ."

ರಾಜ ಹೇಳಿದ. ಕುದುರಿ ಮ್ಯಾಲೆ ಹೇಳಿದ, ಊಟಕ್ಕ ಕುಂತು ಹೇಳಿದ, ದೂರು ತಂದವ್ರ ಮುಂದೂ ಹೇಳಿದ. ಮೊದಮೊದಲು ನೀಲವ್ವ ಇಣಿಕಿದ್ಲು. ಆಮ್ಯಾಲೆ ಬಾಳವ್ವನ 'ಬಾ' ಅಷ್ಟ ಉಳೀತು. ಆಮ್ಯಾಲೆ ಅದೂ ಹೋತು.

ಹುಣ್ಣಿಮಿ ದಿನ ಮತ್ತ ಅದ ಬಾಗಿಲು, ಅದ ಅಡ್ಡಗೈ. ಸೋದರಮಾವ ಎತ್ತು ಬಿಚ್ಚದನ ನಿಂತಿದ್ದ. ರಾಜ ಕಣ್ಣು ಮುಚ್ಚಿದ. "ಹಸರ ಹೊಲದಾಗ ಜ್ವಾಳದ ತೆನಿ, ಚಂಪವ್ವ ಬಂದ್ಲು, ಬೆಳಗಿತು ಮನಿ."

ಸತ್ಯವ್ವ ಕೈ ತಗದ್ಲು. ಸೋದರಮಾವ ಎತ್ತು ಬಿಚ್ಚಿದ.

ನೀತಿ ಇಷ್ಟ ನೋಡ್ರಿ. ತಲಿಯೊಳಗೂ ಇಂಥಾವ ದಾರಿ ಅದಾವು. ಬೇಕಾದ್ದು ಬಿಗೀಬೇಕು, ಬ್ಯಾಡಾದ್ದು ಸಡಲಬೇಕು. ಎರಡೂ ಕೂಡಿದ್ರನ ಕಲಿಕಿ. ಎಲ್ಲಾ ಹಿಡ್ಕೊಂಡು ಕುಂತವ ಬಾಗಿಲದಾಗ ನಿಲ್ತಾನ.

ಪಂಡಿತನ ತುಪ್ಪ ಆವತ್ತಿಂದ ಬಂದ್. ಆ ಹುಡುಗಿ ಹೆಸರು ಅಂವ ಖರೇನ ಮರ್ತಿದ್ನೋ ಇಲ್ಲೋ, ದೇವರಿಗೆ ಗೊತ್ತು. ಈಗ ನೀವು ಹೇಳ್ರಿ: ಮುಂದ ರಾಜ, ಹಿಂದ ಲಟ್ಟಣಿಗಿ. ಅಲ್ಲಿ ನೀವಿದ್ರ ಏನ್ ಮಾಡ್ತಿದ್ರಿ?