ಖಾಲಿ ಎಲೆಗಳನ್ನು ತುಂಬಿಸಿದವನು

"ಮೇಷ್ಟ್ರೇ, ಒಂದೊಂದು ಖಾಲಿ ಜಾಗಕ್ಕೂ ಅಲ್ಲಿಗೆ ಹೊಂದುವ ಪದವನ್ನೇ ಹಾಕಿದ್ದೇನೆ. ಆದರೂ ಹೆಚ್ಚಿನವು ತಪ್ಪಾಗಿವೆ. ಯಾಕೆ?" ಎಂದು ಮೈಲಿನ್ ಕೇಳಿದಳು.

ಮೈಲಿನ್ ಚೀನಾದ ಹುಡುಗಿ. ಅವಳ ತಂದೆ ತುಮಕೂರಿನ ಹೊರಗಿನ ಒಂದು ಕಾರ್ಖಾನೆಗೆ ಯಂತ್ರಗಳನ್ನು ಕೂರಿಸಲು ಬಂದವರು ಅಲ್ಲೇ ನಿಂತುಬಿಟ್ಟಿದ್ದರು. ಹಾಗಾಗಿ ಅವಳಿಗೆ ಮನೆಯಿಂದ ಚೀನೀ ಭಾಷೆ ಬಂದಿತ್ತು, ಶಾಲೆಯಿಂದ ಕನ್ನಡ ಬಂದಿತ್ತು, ಇಂಗ್ಲಿಷ್ ಮಾತ್ರ ಎರಡರ ನಡುವೆ ಜಾರಿಹೋಗಿತ್ತು. ಚೀನಾದಲ್ಲಿರುವ ಅಜ್ಜಿಯ ಊರಿನ ನರ್ಸಿಂಗ್ ಕಾಲೇಜಿಗೆ ಸೇರಬೇಕೆಂಬುದು ಅವಳ ಆಸೆ. ಅಲ್ಲಿನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕತೆಯೊಂದನ್ನು ಕೊಟ್ಟು, ನಡುನಡುವೆ ಪದಗಳನ್ನು ತೆಗೆದು, ಒಂದೊಂದು ಖಾಲಿ ಜಾಗಕ್ಕೂ ನಾಲ್ಕು ಪದಗಳನ್ನು ಕೆಳಗೆ ಬರೆದಿರುತ್ತಾರೆ. ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಇದರಲ್ಲೇ ಅವಳು ಎರಡು ಸಲ ಬಿದ್ದಿದ್ದಳು. ಮುಂದಿನ ವಾರದ ಪರೀಕ್ಷೆಯಲ್ಲೂ ಬಿದ್ದರೆ ಮತ್ತೆ ಬರೆಯಲು ಬಿಡುವುದಿಲ್ಲ. ಆಮೇಲೆ ನರ್ಸಿಂಗ್ ಮರೆತು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ನಿಲ್ಲಬೇಕು.

ಅವಳ ಕ್ರಮ ಹೀಗಿತ್ತು. ಖಾಲಿ ಜಾಗ ಕಂಡ ಕೂಡಲೇ ಆ ವಾಕ್ಯವನ್ನು ಮನಸ್ಸಿನಲ್ಲಿ ಚೀನೀ ಭಾಷೆಗೆ ತಿರುಗಿಸುತ್ತಿದ್ದಳು. ನಾಲ್ಕು ಪದಗಳನ್ನೂ ಅದರಲ್ಲಿ ಒಂದೊಂದಾಗಿ ಕೂರಿಸಿ ನೋಡುತ್ತಿದ್ದಳು. ಸರಿಯಾಗಿ ಕೂತದ್ದನ್ನು ಉಳಿಸಿಕೊಂಡು ಮುಂದಿನ ಖಾಲಿ ಜಾಗಕ್ಕೆ ಹೋಗುತ್ತಿದ್ದಳು. ಅಂದಿನ ಅಭ್ಯಾಸದ ಕತೆಯಲ್ಲಿ ಒಬ್ಬ ಮುದುಕ ರೈಲು ನಿಲ್ದಾಣಕ್ಕೆ ಬಂದಿದ್ದ. ಅವನು ಹೇಗೆ ಕಾದ ಎಂಬಲ್ಲಿ ಅವಳು 'ಉತ್ಸಾಹದಿಂದ' ಎಂದು ಹಾಕಿದ್ದಳು. ರೈಲು ಬಂದಾಗ ಏನು ಮಾಡಿದ ಎಂಬಲ್ಲಿ 'ನಕ್ಕ' ಎಂದು ಹಾಕಿದ್ದಳು. ಮುದುಕನೊಬ್ಬ ಉತ್ಸಾಹದಿಂದ ಕಾದು, ರೈಲು ಬಂದಾಗ ನಗುವುದರಲ್ಲಿ ಏನು ತಪ್ಪು ಎಂದು ಅವಳಿಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ತಮ್ಮ ಮನೆಯಲ್ಲಿ ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ತಿಮ್ಮರಸಯ್ಯ ಮೇಷ್ಟ್ರು ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕಾಲ, ವಚನ, ಲಿಂಗದ ತಪ್ಪಾಗಿದ್ದರೆ ಅವರು ಆ ಕ್ಷಣವೇ ಹೇಳಿಬಿಡುತ್ತಿದ್ದರು. ಇದು ಅಂಥ ತಪ್ಪಲ್ಲ.

"ಒಂದು ಕತೆ ಹೇಳುತ್ತೇನೆ ಕಣಮ್ಮ. ನನಗೆ ಕತೆ ಹೇಳಲು ಬರುವುದಿಲ್ಲ, ಹದ ತಪ್ಪುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯಲ್ಲಿ ಒಂದು ದಿನ ದೊಡ್ಡ ಊಟ. ಆ ಊರಿನಲ್ಲಿ ಪಂಕ್ತಿಯಲ್ಲಿ ಒಂದೇ ಒಂದು ಎಲೆ ಖಾಲಿ ಇದ್ದರೂ ಯಾರೂ ತುತ್ತೆತ್ತುವಂತಿರಲಿಲ್ಲ. ಪಂಕ್ತಿ ಎಂದರೆ ಸಾಲಾಗಿ ಬಾಳೆಲೆ ಹಾಕಿ ಊಟಕ್ಕೆ ಕೂರುವುದು. ಅದು ಮೈಲಿನ್‌ಗೆ ಗೊತ್ತಿತ್ತು, ಆದರೂ ಮೇಷ್ಟ್ರು ಬಿಡಿಸಿ ಹೇಳಿದರು. ಖಾಲಿ ಎಲೆಗಳಿಗೆ ಜನರನ್ನು ಕೂರಿಸಲು ಅಡುಗೆಯವನು ಪಕ್ಕದ ಊರಿನಿಂದ ಒಬ್ಬ ಚುರುಕಿನ ಆಳನ್ನು ಕರೆತಂದಿದ್ದ. ಅವನು ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಒಂದು ಮನೆ ಎಂದು ಓಡಾಡುವವನು. ಏನು ಸಮಾರಂಭ ಎಂದು ಅವನು ಕೇಳಲಿಲ್ಲ. ಅವನಿಗೆ ಯಾರೂ ಹೇಳಲೂ ಇಲ್ಲ. ಹೋಳಿಗೆ, ಪಾಯಸ ಬಡಿಸುತ್ತಿದ್ದರು. ಶುಭಕಾರ್ಯವೇ ಇರಬೇಕು ಎಂದುಕೊಂಡ.

ಅವನು ಖಾಲಿ ಎಲೆಯನ್ನು ನೋಡುತ್ತಿದ್ದ. ಅದರ ಎಡಬಲದಲ್ಲಿ ಕೂತವರನ್ನು ನೋಡುತ್ತಿದ್ದ. ಆಮೇಲೆ ಊಟದ ಸುದ್ದಿಯಷ್ಟನ್ನೇ ಕೇಳಿ ಬಂದು ಬಾಗಿಲಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬನನ್ನು ಆರಿಸುತ್ತಿದ್ದ. ಕಿವಿ ಮಂದವಾದ ಮುದುಕನ ಪಕ್ಕಕ್ಕೆ ಗಟ್ಟಿ ದನಿಯ ನಗೆಗಾರನನ್ನು ಕೂರಿಸಿದ. ಹಾಡು ಗುನುಗುತ್ತಿದ್ದ ಅಜ್ಜಿಯ ಪಕ್ಕಕ್ಕೆ ಸೋಬಾನೆ ಹಾಡುವವಳನ್ನು ಕೂರಿಸಿದ. ಹೊಸದಾಗಿ ಮದುವೆಯಾದವನ ಪಕ್ಕಕ್ಕೆ ಅವನ ಭಾವನೆಂಟನನ್ನು ಕೂರಿಸಿದ. ಒಂದು ಎಲೆಯೂ ಖಾಲಿ ಉಳಿಯಲಿಲ್ಲ. ಪಕ್ಕದವರು ಯಾರೂ ಗೊಣಗಲಿಲ್ಲ.

ಊಟ ಶುರುವಾಯಿತು. ನಗೆಗಾರ ಆ ಹೊಸದಾಗಿ ಮದುವೆಯಾದವನ ಮೇಲೊಂದು ಚಟಾಕಿ ಹಾರಿಸಿದ. ಸೋಬಾನೆಯವಳು ದನಿ ತೆಗೆದಳು. ಭಾವನೆಂಟ ತಲೆಯೆತ್ತಿ, ಹೋಳಿಗೆ ಬಂತು, ಹೆಣ್ಣು ಗಂಡು ಎಲ್ಲಿ ಎಂದು ಕೇಳಿದ. ವರ್ತಕ ಊಟ ಬಿಟ್ಟು ಎದ್ದುಹೋದ. ಯಜಮಾನ ಎದ್ದ ಮೇಲೆ ಯಾರೂ ಉಣ್ಣುವಂತಿರಲಿಲ್ಲ. ಇಡೀ ಪಂಕ್ತಿ ಅರ್ಧ ಹೊಟ್ಟೆಯಲ್ಲಿ ಎದ್ದಿತು. ಅದು ವರ್ತಕನ ತಾಯಿಯ ವೈಕುಂಠ ಸಮಾರಾಧನೆ. ಎಂದರೆ, ಸತ್ತವರ ಹೆಸರಿನಲ್ಲಿ ಹದಿಮೂರನೆಯ ದಿನ ಮಾಡುವ ಊಟ. ಅದರಲ್ಲೂ ಸಿಹಿ ಇರುತ್ತದೆ.

ಆಳು ಅಡುಗೆಯವನ ಹತ್ತಿರ ಜಗಳಕ್ಕೆ ನಿಂತ. "ಯಾವ ಎಲೆಗೆ ತಪ್ಪು ಜನರನ್ನು ಕೂರಿಸಿದೆ? ಬೆರಳಿಟ್ಟು ತೋರಿಸು."

"ಒಂದು ಎಲೆ ತಪ್ಪಾಗಿದ್ದರೆ ತೋರಿಸಬಹುದಿತ್ತು ಕಣಯ್ಯ. ಅಷ್ಟು ಸಲ ಅತ್ತಿಂದಿತ್ತ ಸುತ್ತಿದೆಯಲ್ಲ, ಪಂಕ್ತಿಯ ತುದಿಯಲ್ಲಿ ತಲೆ ಮೀಸೆ ಎರಡೂ ಬೋಳಿಸಿಕೊಂಡು ಯಜಮಾನ ಕೂತಿದ್ದ. ನಿನ್ನ ಕಣ್ಣಿಗೆ ಬೀಳಲಿಲ್ಲವೇ?"

"ಆ ಎಲೆ ಖಾಲಿ ಇರಲಿಲ್ಲವಲ್ಲ. ನಾನೇಕೆ ಅತ್ತ ನೋಡಲಿ?" ಎಂದ ಆಳು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಮೈಲಿನ್‌ಗೆ ಗೊಂದಲ ಕಡಿಮೆಯಾಗಲಿಲ್ಲ, ಇನ್ನಷ್ಟು ಹೆಚ್ಚಿತು. ತಲೆ ಬೋಳಿಸಿದ್ದನ್ನು ನೋಡಿ ಸಾವಾಗಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದಳು. ತನ್ನ ಅಜ್ಜಿಯ ಊರಿನಲ್ಲಿ ಹಾಗಾದಾಗ ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳುತ್ತಾರೆ ಎಂದಳು. ಅದೂ ಇದೂ ಒಂದೇ ಎಂದು ಮೇಷ್ಟ್ರು ಹೇಳಿದರು. ಹಾಗಾದರೆ ತಪ್ಪು ಆಳಿನದೋ, ಸಮಾರಂಭ ಏನೆಂದು ಹೇಳದ ಅಡುಗೆಯವನದೋ ಎಂದು ಅವಳು ಕೇಳಿದಳು. ಮೇಷ್ಟ್ರು ಅಡುಗೆಯವನದೂ ಸ್ವಲ್ಪ ಇದೆ ಎಂದರು. ಮರುಕ್ಷಣವೇ ಅದಲ್ಲ ವಿಷಯ ಎಂದರು. ಕತೆಯೊಳಗೆ ಅಡುಗೆಯವನನ್ನು ತಂದಿದ್ದೇ ತಮ್ಮ ತಪ್ಪೇನೋ ಎಂಬಂತೆ ತಲೆ ಕೆರೆದುಕೊಂಡರು.

"ಮೇಷ್ಟ್ರೇ, ನಾನು ಕೇಳಿದ್ದು ಇಂಗ್ಲಿಷ್. ನೀವು ಊಟ ಹಾಕಿ ಕಳಿಸುತ್ತಿದ್ದೀರಿ" ಎಂದಳು ಮೈಲಿನ್. ಅವಳಿಗೆ ನಗುವೂ ಬಂತು, ಅಳುವೂ ಬಂತು. ಪರೀಕ್ಷೆಗೆ ಒಂದು ವಾರವೂ ಪೂರ್ತಿ ಉಳಿದಿರಲಿಲ್ಲ.

"ಇರು, ಬಿಡಿಸಿ ಹೇಳುತ್ತೇನೆ. ಎಲೆ ಎಂದರೆ ಖಾಲಿ ಜಾಗ ಎಂದು ಇಟ್ಟುಕೋ. ಬಾಗಿಲಲ್ಲಿ ನಿಂತವರು ಆ ನಾಲ್ಕು ಪದಗಳು. ಹಾಗಾದರೆ ಪಕ್ಕದಲ್ಲಿ ಕೂತವರು ಯಾರು? ಅವರು ವಾಕ್ಯ. ಅಲ್ಲ, ವಾಕ್ಯದ ಅರ್ಧ. ಈಗ ಆ ಆಳು ಮಾಡಿದ್ದೇನೆಂದರೆ, ಅವನು ಪಕ್ಕದವರನ್ನು ನೋಡಿದ್ದು ತಪ್ಪಲ್ಲ, ಅದು ಬೇಕೇ ಬೇಕು, ಆದರೆ ಅದರ ಜೊತೆಗೆ..."

"ರೀ, ಗ್ಯಾಸ್ ಬಂದಿದೆ. ಸಿಲಿಂಡರ್ ಒಳಗೆ ಇಡಿಸಿಕೊಳ್ಳಿ, ಅವನು ನಿಲ್ಲೋದಿಲ್ಲವಂತೆ" ಎಂದು ಅವರ ಹೆಂಡತಿ ಹೊರಗಿನಿಂದ ಕೂಗಿದರು.

ಮೇಷ್ಟ್ರು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಮೈಲಿನ್‌ಳ ಹಾಳೆ ಅವರ ಕೈಯಲ್ಲೇ ಉಳಿದಿತ್ತು. ಹೊಸ್ತಿಲ ಹತ್ತಿರ ಹೋದವರು ಅದನ್ನೊಮ್ಮೆ ನೋಡಿ, ಅವಳ ಕಡೆ ತಿರುಗಿ ಕೇಳಿದರು. ಆ ಪ್ರಶ್ನೆ ಕೇಳಿ ಮೈಲಿನ್ ಹಾಳೆಗೆ ಕೈ ಚಾಚಿದಳು.

"ಇದರ ಮೊದಲ ಸಾಲಿನಲ್ಲಿ ಒಂದೂ ಖಾಲಿ ಜಾಗವಿಲ್ಲ, ಅಲ್ಲಿ ಏನು ಬರೆದಿದೆ, ಹೇಳು?"