ಪುಟ್ಟರಸನ ನೆತ್ತಿಯ ನಾಟಿ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಸ್ವಲ್ಪ ತಡ್ಕೊಳ್ಳಿ. ಮಳವಳ್ಳಿ ಪೇಟೆಬೀದಿಯಲ್ಲಿ ಚೌಡಾಜಮ್ಮ ಅಂತ ಒಬ್ಬಳಿದ್ದಳು. ಹಿಟ್ಟಿನ ಗಿರಣಿ ನಡೆಸೋಳು. ಅವಳಿಗೊಬ್ಬನೇ ಮಗ, ಪುಟ್ಟರಸ. ಮೂವತ್ತು ತುಂಬಿತ್ತು. ಒಂದು ದಿನವೂ ಅವ್ವನ ಮಾತು ಮೀರಿದವನಲ್ಲ. ಅದೇ ಕಷ್ಟ! ಹೇಳಿದ್ದನ್ನ ಹೇಳಿದ ಹಾಗೇ ಮಾಡಿಬಿಡೋನು. "ಗಿರಣಿ ಕಡೆ ಒಂದು ಕಣ್ಣಿಟ್ಟಿರ್ಲಾ" ಅಂದರೆ ಇನ್ನೊಂದು ಕಣ್ಣು ಮುಚ್ಕೊಂಡು ಕೂರೋನು.

ಇದರ ಮೇಲೆ ತಲೆ ಬೇರೆ ಬೋಳು. ಹಣೆಯಿಂದ ನಡುನೆತ್ತಿವರೆಗೂ ಒಂದೆಳೆ ಇಲ್ಲ. ಹೆಣ್ಣು ನೋಡೋಕೆ ಹೋದ ಮೂರು ಮನೆಯಲ್ಲೂ ಕಾಫಿ ಕೊಟ್ಟು ಕಳಿಸಿದ್ದರು. ಚೌಡಾಜಮ್ಮ ಅತ್ತಳು, ಕರೆದಳು, ಕೊನೆಗೆ ಮಗನನ್ನ ಮೈಸೂರಿನ ಕೂದಲು ಡಾಕ್ಟರ ಹತ್ತಿರ ಕರಕೊಂಡು ಹೋದಳು.

"ಹಿಂದಲೆ ಕೂದಲು ತೆಗೆದು ಮುಂದೆ ನಾಟಿ ಮಾಡ್ತೀವಿ" ಅಂದರು ಡಾಕ್ಟರು.

"ನೀರು ಎಷ್ಟು ದಿನಕ್ಕೊಂದ್ಸಲ ಕಟ್ಟಬೇಕು ಸಾರ್?" ಅಂದ ಪುಟ್ಟರಸ.

"ಬಾಯಿ ಮುಚ್ಲಾ!" ಅಂದಳು ಅವ್ವ. ಊರು ತಲುಪೋವರೆಗೂ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೂತಿದ್ದ.

ನಾಟಿ ಆಯ್ತು. ವರ್ಷ ಕಳೀತು. ಕೂದಲೂ ಬಂತು. ಆದರೆ ಎಂಥ ಕೂದಲು! ಇದ್ದಿಲಿನಂಥ ಕಪ್ಪು, ದಪ್ಪ. ನೆತ್ತಿಯೋ, ಅಕ್ಕಿಹಿಟ್ಟಿನಂಥ ಬಿಳುಪು. ಎಳೆ ಎಳೆಯೂ ಎದ್ದು ಕಾಣೋದು, ಎಳೆ ನಡುವಿನ ಸಂದೂ ಎದ್ದು ಕಾಣೋದು. ಪುಟ್ಟರಸ ಒಬ್ಬನೇ ಮತ್ತೆ ಮೈಸೂರಿಗೆ ಹೋದ.

ಡಾಕ್ಟರು ತಲೆ ತಿರುಗಿಸಿ ಮುರುಗಿಸಿ ನೋಡಿದರು. "ನಾಟಿ ಚೆನ್ನಾಗೇ ಹಿಡಿದಿದೆ. ಕೂದಲು ಕಪ್ಪು, ನೆತ್ತಿ ಬಿಳುಪು, ಅದಕ್ಕೇ ತೆಳ್ಳಗೆ ಕಾಣ್ತಿದೆ. ಇಷ್ಟೇ ಕೂದಲು ತಿಳಿ ಕಂದು ಬಣ್ಣದ್ದಾಗಿದ್ರೆ ಒತ್ತಾಗಿ ಕಾಣ್ತಿತ್ತು. ಕೂದಲಿನ ಬಣ್ಣಾನ ನೆತ್ತಿ ಹತ್ತಿರಕ್ಕೆ ತನ್ನಿ, ಸಾಕು."

ಇಷ್ಟೇನಾ! ಪುಟ್ಟರಸ ಅಂಗಡಿಗೆ ಹೋದ. ಕೂದಲಿಗೆ ಹಚ್ಚೋ ಕಂದು ಬಣ್ಣದ ಡಬ್ಬಿ ತಗೊಂಡ. ನೆತ್ತಿ ಹತ್ತಿರಕ್ಕೆ ತಂದ. ಹಾಗೇ ಹಿಡ್ಕೊಂಡು ಬಸ್ಸು ಹತ್ತಿದ, ಹಾಗೇ ಹಿಡ್ಕೊಂಡು ಇಳಿದ, ಹಾಗೇ ಹಿಡ್ಕೊಂಡು ಮನೆ ಬಾಗಿಲಲ್ಲಿ ನಿಂತ.

"ಅವ್ವ! ಒತ್ತಾಗಿ ಕಾಣ್ತಿದೆಯಾ?"

"ಅಯ್ಯೋ ಪೆದ್ದ ಮುಂಡೇದೆ! ಬಣ್ಣ ಅಂದ್ಮೇಲೆ ಹಚ್ಚಬೇಕು, ಅರ್ಧ ಗಂಟೆ ಬಿಡಬೇಕು, ಆಮೇಲೆ ತಣ್ಣೀರಲ್ಲಿ ತೊಳೀಬೇಕು ಕಣ್ಲಾ!"

"ಹಂಗಾ? ಸರಿ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಪಕ್ಕದ ಮನೆ ಟೈಲರ್ ಜವರಯ್ಯ ತನ್ನ ಅಂಗಡಿ ಗೋಡೆಗೆ ನೀಲಿ ಬಣ್ಣ ಹೊಡೀತಿದ್ದ. ಊಟದ ಹೊತ್ತಾಯ್ತು. "ಪುಟ್ಟರಸ, ನಿಂಗೆ ಬಣ್ಣದ ಕೆಲಸ ಬರುತ್ತೇನಪ್ಪ?"

"ಓಹೋ! ಅವ್ವ ನಿನ್ನೆ ತಾನೆ ಹೇಳ್ಕೊಟ್ಟಳು!"

ಜವರಯ್ಯ ಬ್ರಷ್ಷು ಅವನ ಕೈಗೆ ಕೊಟ್ಟು ಊಟಕ್ಕೆ ಹೋದ. ಉಂಡು ಬಂದು ನೋಡ್ತಾನೆ, ಬೀದಿ ತುಂಬ ನೀಲಿ ನೀರು. ಪುಟ್ಟರಸ ಕೊಡದಲ್ಲಿ ತಣ್ಣೀರು ತಂದು ತಂದು ಗೋಡೆ ಉಜ್ಜುತಿದ್ದಾನೆ! ಬಣ್ಣ ಹೋಗಿ ಹಳೇ ಗಾರೆ ಕಾಣ್ತಿದೆ!

"ಏನ್ಲಾ ಮಾಡ್ದೆ! ಬಣ್ಣ ಹೊಡೆದ್ಮೇಲೆ ತೊಳೀಬಾರದು ಕಣ್ಲಾ! ಒಣಗೋಕೆ ಬಿಡಬೇಕು! ಒಂದು ಕೋಟು ಒಣಗಿದ್ಮೇಲೆ ಇನ್ನೊಂದು ಕೋಟು, ಅದು ಒಣಗಿದ್ಮೇಲೆ ಮತ್ತೊಂದು!"

"ಹಂಗಾ? ಸರಿ ಮಾವ, ಇನ್ಮೇಲೆ ಹಂಗೇ ಮಾಡ್ತೀನಿ."

ಮನೆಗೆ ಬಂದವನೇ ಡಬ್ಬಿ ತೆಗೆದ. ತಲೆಗೊಂದು ಕೋಟು ಹೊಡೆದ, ಬಿಸಿಲಲ್ಲಿ ನಿಂತು ಒಣಗಿಸಿದ. ಎರಡನೇ ಕೋಟು. ಒಣಗಿಸಿದ. ಮೂರನೇ ಕೋಟು. ಸಂಜೆ ಗಿರಣಿ ಮುಚ್ಚಿ ಅವ್ವ ಬಂದರೆ, ಮಗ ತಲೆ ಹಿಡ್ಕೊಂಡು ಅಂಗಳ ಸುತ್ತುತಿದ್ದಾನೆ. "ಉರಿ ಅವ್ವ! ಉರಿ!" ಕೂದಲು ಸೆಟೆದು ಮಡಕೆ ಬೋರಲು ಹಾಕಿದ ಹಾಗಾಗಿದೆ!

ದರದರ ಎಳಕೊಂಡು ಸೆಲೂನ್ ನಂಜುಂಡಿ ಹತ್ತಿರ ಹೋದಳು. ನಂಜುಂಡಿ ತೊಳೆದ, ತೊಳೆದ, ತೊಳೆದ. ಕೊನೆಗೆ ನೋಡಿದರೆ ಕೂದಲು ಮುಸುಕಿನ ಜೋಳದ ಜುಟ್ಟಿನ ಬಣ್ಣಕ್ಕೆ ತಿರುಗಿದೆ. ಆದರೆ ಆಶ್ಚರ್ಯ ನೋಡಿ, ಸಂದೇ ಕಾಣ್ತಿಲ್ಲ!

"ಡಾಕ್ಟರು ಹೇಳಿದ್ದು ಸುಳ್ಳಲ್ಲ ಕಣಕ್ಕ, ಒತ್ತಾಗೇ ಕಾಣ್ತಿದೆ" ಅಂದ ನಂಜುಂಡಿ. "ಆದ್ರೆ ನೆತ್ತಿ ಬೆಂದಿದೆ! ಪುಟ್ಟರಸ, ಗೊತ್ತಿಲ್ಲದ್ದು ಏನೇ ಆಗ್ಲಿ, ಮೊದಲು ಕಿವಿ ಹಿಂದೆ ಚೂರು ಸವರಿ ನೋಡು. ಉರಿ ಬರದಿದ್ರೆ ಮುಂದಿನ ಮಾತು."

"ಹಂಗಾ? ಸರಿ ಅಣ್ಣ, ಇನ್ಮೇಲೆ ಹಂಗೇ ಮಾಡ್ತೀನಿ."

ನೆತ್ತಿ ವಾಸಿಯಾದ ಮೇಲೆ ತಿ. ನರಸೀಪುರದಲ್ಲೊಂದು ಹೆಣ್ಣು ನೋಡೋಕೆ ಹೋದರು. ಹುಡುಗಿ ಹೆಸರು ಭಾಗ್ಯಲತಾ. ತಟ್ಟೇಲಿ ಬೀಟ್‌ರೂಟ್ ಹಲ್ವ ತಂದಿಟ್ಟಳು. ಪುಟ್ಟರಸ ಅಂಥದ್ದನ್ನ ಕಂಡವನಲ್ಲ. ಬೆರಳಲ್ಲಿ ಒಂದಿಷ್ಟು ತೆಗೆದ. ಕಿವಿ ಹಿಂದೆ ಸವರಿದ. ಕಣ್ಣು ಮುಚ್ಚಿ ಕಾದ. ಕುತ್ತಿಗೆ ಮೇಲೆ ಕೆಂಪಗೆ ಇಳೀತು.

"ಅಯ್ಯಯ್ಯೋ! ರಕ್ತ!" ಅಂತ ಹುಡುಗಿಯ ಅಪ್ಪ ಕೂಗಿದ.

"ಉರಿ ಇಲ್ಲ. ತಿನ್ನಬಹುದು" ಅಂದ ಪುಟ್ಟರಸ.

ಚೌಡಾಜಮ್ಮ ಸೆರಗಲ್ಲಿ ಮುಖ ಮುಚ್ಕೊಂಡಳು. ನಾಲ್ಕನೇ ಮನೇನೂ ಹೋಯ್ತು ಅಂದ್ಕೊಂಡಳು. ಭಾಗ್ಯಲತಾ ಮಾತ್ರ ನಕ್ಕಳು. ನಕ್ಕೂ ನಕ್ಕೂ ತಲೆ ಮೇಲಿನ ಸೆರಗು ಜಾರಿತು. ನೋಡಿದರೆ ಮುಂದಲೆಯೆಲ್ಲ ನರೆ! ಇಪ್ಪತ್ತಾರಕ್ಕೇ ನರೆ. ಅವಳನ್ನೂ ಎಷ್ಟೋ ಜನ ನೋಡಿ ಬಿಟ್ಟು ಹೋಗಿದ್ದರು. ನಗು ಅಲ್ಲೇ ನಿಂತುಹೋಯ್ತು. ಸೆರಗು ಎಳ್ಕೊಳ್ಳೋಕೆ ಹೋದಳು.

"ಮುಚ್ಚಬೇಡಿ!" ಅಂದ ಪುಟ್ಟರಸ. "ನಿಮ್ಮದು ನೆತ್ತಿ ಬಣ್ಣಕ್ಕೆ ಅದೆಷ್ಟು ಹತ್ತಿರ! ಒತ್ತಾಗಿ ಕಾಣ್ತಿದೆ! ಇದಕ್ಕೋಸ್ಕರ ನಾನು ಮೂರು ಕೋಟು ಹೊಡ್ಕೊಂಡೆ, ನಿಮಗೆ ತಾನಾಗೇ ಬಂದಿದೆ!"

ಅವಳು ಅವನ ಮುಖ ನೋಡಿದಳು. ಹಾಸ್ಯ ಮಾಡೋ ಮುಖವಲ್ಲ ಅದು.

"ನಿಮ್ಮ ಕೂದಲು ನಿಜವಾದದ್ದಾ?"

"ನಂದೇ. ಹಿಂದಿನದ್ದು ಕಿತ್ತು ಮುಂದೆ ನೆಟ್ಟಿದ್ದಾರೆ."

ಭಾಗ್ಯಲತಾ ಅಪ್ಪನ ಕಡೆ ತಿರುಗಿದಳು. "ಅಪ್ಪ, ಇವರಾಗಬಹುದು" ಅಂದಳು.

ಚೌಡಾಜಮ್ಮನ ಸಂತೋಷ ಹೇಳತೀರದು. ಆದರೂ ದಾರಿಯುದ್ದಕ್ಕೂ ಬೈದಳು. "ಹಲ್ವಾನ ಕಿವಿಗೆ ಹಚ್ತಾರೇನ್ಲಾ! ಗೊತ್ತಾಗದಿದ್ರೆ ಪಕ್ಕದಲ್ಲಿ ಕೂತೋರು ಏನ್ ಮಾಡ್ತಾರೋ ಅದನ್ನ ಮಾಡು!"

"ಹಂಗಾ? ಸರಿ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮದುವೆಗೆ ನಾಲ್ಕು ದಿನ ಇತ್ತು. "ಮಾದಪ್ಪನ ಬೆಟ್ಟಕ್ಕೆ ಹೋಗಿ ಕೈಮುಗಿದು ಬಾರಪ್ಪ" ಅಂತ ಕಳಿಸಿದಳು. ಪುಟ್ಟರಸ ಹೋದ. ಕೈಮುಗಿದ. ಹೊರಗೆ ಬಂದು, ಸಾಲಾಗಿ ಕೂತವರ ನಡುವೆ ಜಾಗ ಕಂಡು ಕೂತ. ಎಡಗಡೆಯವನು ತಲೆ ಬಗ್ಗಿಸಿದ. ಬಲಗಡೆಯವನೂ ಬಗ್ಗಿಸಿದ. ಇವನೂ ಬಗ್ಗಿಸಿದ. ಅದು ಮುಡಿ ಕೊಡೋರ ಸಾಲು! ಕತ್ತಿ ಮುಂದಿನಿಂದ ಹಿಂದಕ್ಕೆ ಸರ್ರನೆ ಹೋಯ್ತು. ವರ್ಷದ ಬೆಳೆ ನೆಲಕ್ಕೆ ಬಿತ್ತು!

ನುಣ್ಣನೆ ತಲೆಗೆ ಗಂಧ ಬಳ್ಕೊಂಡು ಬಂದ ಮಗನನ್ನ ನೋಡಿ ಚೌಡಾಜಮ್ಮ ಹೊಸಿಲ ಮೇಲೇ ಕುಸಿದಳು. ಭಾಗ್ಯಲತಾಗೆ ಫೋನು ಹೋಯ್ತು. ಆ ಕಡೆಯಿಂದ ಬಂದದ್ದು ನಗು. "ಬಿಡಿ ಅತ್ತೆ, ಬುಡ ಭದ್ರವಾಗಿದ್ರೆ ಮತ್ತೆ ಬೆಳೆಯುತ್ತೆ. ಪೇಟ ಕಟ್ಟಿ ಕರ್ಕೊಂಡು ಬನ್ನಿ."

ಚೌಡಾಜಮ್ಮನಿಗೆ ಜೀವ ಬಂತು. "ಕೇಳಿಸ್ಕೊಂಡೇನ್ಲಾ? ಅದು ಬುದ್ಧಿವಂತ ಹುಡುಗಿ. ಕಂಡಕಂಡೋರನ್ನೆಲ್ಲ ನೋಡಿ ಮಾಡಬೇಡ. ಮಂಟಪದಲ್ಲಿ ಅವಳೊಬ್ಬಳನ್ನೇ ನೋಡ್ತಿರು, ಅವಳು ಮಾಡಿದಂಗೆ ಮಾಡು!"

"ಹಂಗಾ? ಸರಿ ಅವ್ವ."

ಮುಹೂರ್ತ ಬಂತು. ವಾಲಗದವರು ಗಟ್ಟಿಮೇಳ ಬಾರಿಸಿದರು. ಪುರೋಹಿತರು ತಾಳಿ ಎತ್ತಿ ಮುಂದೆ ಹಿಡಿದರು. ಭಾಗ್ಯಲತಾ ನಾಚಿ ಕಣ್ಣು ಮುಚ್ಚಿ ಕುತ್ತಿಗೆ ಬಗ್ಗಿಸಿದಳು.

ಪುಟ್ಟರಸನೂ ನಾಚಿ, ಕಣ್ಣು ಮುಚ್ಚಿ, ಕುತ್ತಿಗೆ ಬಗ್ಗಿಸಿದ.

"ಕಟ್ಟಪ್ಪಾ! ಹೊತ್ತು ಮೀರುತ್ತೆ!" ಅಂತ ಪುರೋಹಿತರು ಕೂಗಿದರೆ, ಇವನು ಇನ್ನಷ್ಟು ಬಗ್ಗಿ ಮೆಲ್ಲಗೆ ಹೇಳಿದ:

"ನಾನು ಸಿದ್ಧ ಸ್ವಾಮಿ. ಅವರಿಗೆ ಹೇಳಿ, ಮೂರು ಗಂಟು ಬಿಗಿಯಾಗಿ ಹಾಕಲಿ!"