ಓಲೆ ನಿಂಬೆವ್ವ ಬಿಳಿ ಓಲೆಗೆ ಮಸಿ ಹಚ್ಚಿದ್ದು

ಇದು ಈಗಿನ ಮಾತಲ್ಲ. ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದ ಮಾತು. ಕರೇಮಣ್ಣೂರು ಅಂತ ಒಂದೂರು. ಊರ ನಡುವೆ ಒಂದು ಮಠ, ಊರ ಕೆಳಗೆ ಒಂದು ಹಳ್ಳ, ಹಳ್ಳದಾಚೆ ಬುಟ್ಟಿ ಹೆಣೆಯುವವರ ಕೇರಿ. ಆ ಊರಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳಂತೆ. ಓಲೆ ನಿಂಬೆವ್ವ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಅವಳು ಮುಟ್ಟಿದ ತಾಳೆಯೋಲೆಗೆ ನೂರು ವರ್ಷ ಹುಳು ಹತ್ತುತ್ತಿರಲಿಲ್ಲವಂತೆ. ಅವಳ ಕೈಯ ಎಣ್ಣೆಯ ವಾಸನೆಗೆ ಹಾವು ದಾರಿ ಬಿಡುತ್ತಿತ್ತಂತೆ. ಹಾವಿನ ಮಾತು ನಾನು ನಂಬುವುದಿಲ್ಲ, ನೀವೂ ನಂಬಬೇಕಿಲ್ಲ. ಮುಂದಿನದ್ದನ್ನು ಮಾತ್ರ ಕಿವಿಗೊಟ್ಟು ಕೇಳಿ.

ಆ ಮಠ ಕಂಬಳಿ ಅಜ್ಜನದು. ಅಜ್ಜ ಎಲ್ಲಿಂದ ಬಂದನೋ ಯಾರಿಗೂ ಗೊತ್ತಿರಲಿಲ್ಲ. ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಬಂದ, ಬೇವಿನ ಮರದ ಕೆಳಗೆ ಕೂತ, ತನಗೆ ತಿಳಿದದ್ದನ್ನೆಲ್ಲ ತೊಂಬತ್ತು ತಾಳೆಗರಿಯ ಮೇಲೆ ಕೊರೆದಿಟ್ಟು ಹೋದ. ಅವನು ಹೋದ ಮೇಲೆ ಮರದ ಸುತ್ತ ಗೋಡೆ ಬಂತು, ಗೋಡೆಗೆ ಬಾಗಿಲು ಬಂತು, ಬಾಗಿಲಿಗೆ ಹಿತ್ತಾಳೆ ಮೊಳೆ ಬಂತು, ಒಳಗೆ ಅಯ್ಯನವರು ಬಂದರು. ತೊಂಬತ್ತು ಓಲೆಗೂ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಟ್ಟರು. ಅದಕ್ಕೆ ಅಜ್ಜನ ಕಟ್ಟು ಅಂತ ಹೆಸರು. ಪ್ರತಿ ಶ್ರಾವಣದಲ್ಲಿ ಒಂಬತ್ತು ದಿನ ಅಯ್ಯನವರು ಕಟ್ಟು ಬಿಚ್ಚಿ ಓದುವುದು, ಊರು ಕೂತು ಕೇಳುವುದು. ಕೇಳಿ ಕೇಳಿ ಅರ್ಧ ಊರಿಗೆ ಅದು ಬಾಯಿಪಾಠವಾಗಿತ್ತಂತೆ.

ನಿಂಬೆವ್ವನ ಕೆಲಸ ಶ್ರಾವಣಕ್ಕೆ ಮುಂಚಿನದು. ಮಠದ ಅಂಗಳದಲ್ಲಿ ಕೂತು ಒಂದೊಂದೇ ಓಲೆಯನ್ನು ಅಂಚಿಗೆ ಬೆರಳು ತಾಗದಂತೆ ಹಿಡಿದು ಮೆತ್ತನೆಯ ಅರಿವೆಯಿಂದ ಒರೆಸಬೇಕು. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಅದರ ಮೇಲೆ ಸವರಬೇಕು. ಮತ್ತೆ ಒರೆಸಿದರೆ ಕೊರೆದ ಗೀರಿನಲ್ಲಿ ಮಸಿ ನಿಂತು ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಅವಳಪ್ಪನೂ ಅದೇ ಕೆಲಸ ಮಾಡಿದವನು. ಗಂಡುಮಕ್ಕಳಿರಲಿಲ್ಲ, ಮಗಳಿಗೇ ಅಕ್ಷರ ಕಲಿಸಿ ಹೋದ. ಅವಳಿಗೆ ಓದು ಬರುತ್ತದೆ ಅಂತ ಮಠದಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಯಾರೂ ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ನಿಜ ಹೇಳಬೇಕೆಂದರೆ ಅವಳೂ ಓದುತ್ತಿರಲಿಲ್ಲ. ದಿನಾ ಅಕ್ಕಿ ಆರಿಸುವವಳು ಕಲ್ಲು ನೋಡುತ್ತಾಳೆಯೇ ಹೊರತು ಅನ್ನ ನೋಡುತ್ತಾಳೆಯೇ? ಹಾಗೆ, ಮಸಿ ಸರಿಯಾಗಿ ಕೂತಿತೋ ಇಲ್ಲವೋ ಅಂತ ನೋಡುತ್ತಿದ್ದಳು, ಅಷ್ಟೇ.

ನಿಂಬೆವ್ವನ ಗಂಡ ಬೇಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಹುಲಿಗೆವ್ವ. ಆ ಹುಡುಗಿ ಹಳ್ಳದಾಚೆಯ ಬುಟ್ಟಿ ಹೆಣೆಯುವ ಕೆಂಚನ ಮೇಲೆ ಮನಸ್ಸಿಟ್ಟಳು. ಮನಸ್ಸಿಟ್ಟವಳು ಸುಮ್ಮನೆ ಅಳುತ್ತ ಕೂಡಲಿಲ್ಲ, ಹಳ್ಳ ದಾಟಿ ಹೋಗಿ ಅವನ ಮನೆ ಸೇರಿದಳು. ಊರು ಮಠದಲ್ಲಿ ಕೂಡಿತು. ಆಗಿನ ಹಿರಿಯ ಅಯ್ಯನವರು ಅಜ್ಜನ ಕಟ್ಟು ಬಿಚ್ಚಿ ಒಂದು ಓಲೆ ಓದಿದರು. "ಕಟ್ಟಳೆ ಮುರಿದವರಿಗೆ ಊರ ನೀರಿಲ್ಲ, ಊರ ಬೆಂಕಿಯಿಲ್ಲ. ಹೆತ್ತವರೂ ಅವರಿಗೆ ಬಾಗಿಲು ತೆರೆಯಬಾರದು." ಓದಿ ಕಟ್ಟು ಕಟ್ಟಿದರು. ಅಜ್ಜನೇ ಹೇಳಿದ ಮೇಲೆ ಇನ್ನೇನು? ನಿಂಬೆವ್ವ ತಲೆ ತಗ್ಗಿಸಿ ಮನೆಗೆ ಬಂದಳು.

ಒಂದು ವರ್ಷ ಕಳೆದ ಮೇಲೆ, ಸುಡುಬಿಸಿಲಿನ ಒಂದು ಮಧ್ಯಾಹ್ನ, ಹುಲಿಗೆವ್ವ ಬಂದಳಂತೆ. ಸೊಂಟದ ಮೇಲೆ ಕೂಸು. ಬಾಗಿಲು ಬಡಿದು, ಯವ್ವಾ, ಕೂಸಿಗೆ ಒಂದು ತಂಬಿಗೆ ನೀರು ಕೊಡು ಅಂದಳು. ಒಳಗೆ ನಿಂಬೆವ್ವ ಅಗಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ನೀರಿನ ಕೊಡ ಕಾಲಿನ ಹತ್ತಿರವೇ ಇತ್ತು. ಕೂಸು ಅತ್ತಿತು, ಮತ್ತೆ ಅತ್ತಿತು. ನಿಂಬೆವ್ವ ಅಗಳಿ ತೆಗೆಯಲಿಲ್ಲ. ಕೊನೆಗೆ ಹೆಜ್ಜೆಯ ಸಪ್ಪಳ ದೂರವಾಯಿತು. ಬುಟ್ಟಿಯವರ ಕೇರಿಯ ಒಬ್ಬಳು ಹಳ್ಳದ ಹತ್ತಿರ ನೀರು ಕೊಟ್ಟು ತಾಯಿ ಕೂಸು ಇಬ್ಬರನ್ನೂ ಕರೆದೊಯ್ದಳು ಅಂತ ಆಮೇಲೆ ಗೊತ್ತಾಯಿತು. ಹುಲಿಗೆವ್ವ ಮತ್ತೆ ಈ ಕಡೆ ಬರಲಿಲ್ಲ.

ಹನ್ನೆರಡು ವರ್ಷ ಹಾಗೇ ಹೋದವು. ನಿಂಬೆವ್ವ ಒಬ್ಬಳಿಗೇ ರೊಟ್ಟಿ ಬಡಿದಳು, ಒಬ್ಬಳೇ ಉಂಡಳು. ಮಠದವರು ಅವಳನ್ನು ಬಹಳ ಹೊಗಳುತ್ತಿದ್ದರಂತೆ. ನಿಂಬೆವ್ವ ಅಂದರೆ ಹಾಗಿರಬೇಕು, ಹೊಟ್ಟೆಯ ಮಗಳಿಗಿಂತ ಅಜ್ಜನ ಮಾತು ದೊಡ್ಡದು ಅಂತ ತೋರಿಸಿದಳು ಅನ್ನುತ್ತಿದ್ದರು. ಇಂಥ ಹೊಗಳಿಕೆ ಯಾವ ಶತ್ರುವಿಗೂ ಬೇಡ. ಅದನ್ನು ಕೇಳಿಸಿಕೊಂಡು ಮನೆಗೆ ಬಂದ ದಿನ ಅವಳಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಆಮೇಲೆ ಹಿರಿಯ ಅಯ್ಯನವರು ತೀರಿಕೊಂಡರು. ಕಿರಿಯ ಅಯ್ಯನವರು ಪೀಠಕ್ಕೆ ಬಂದರು. ಈ ಗಡಿಬಿಡಿಯಲ್ಲಿ ಅಜ್ಜನ ಕಟ್ಟನ್ನು ಯಾರೂ ನೋಡಿರಲಿಲ್ಲ. ಇಲಿ ದಾರ ಕಡಿದು ತೊಂಬತ್ತು ಓಲೆಯೂ ಚೆಲ್ಲಾಪಿಲ್ಲಿಯಾಗಿದ್ದವು. ನಿಂಬೆವ್ವನನ್ನು ಕರೆದು, ಎಣ್ಣೆ ಹಚ್ಚಿ, ಸರಿಯಾಗಿ ಜೋಡಿಸಿ ದಾರ ಹಾಕು ಅಂದರು. ಜೋಡಿಸುವುದು ಹೇಗೆ? ಅಂಚಿನಲ್ಲಿದ್ದ ಅಂಕಿ ಎಷ್ಟೋ ಓಲೆಗಳಲ್ಲಿ ಅಳಿಸಿಹೋಗಿತ್ತು. ಅಯ್ಯನವರುಗಳು ಹೆಬ್ಬೆರಳು ಒತ್ತಿ ಒತ್ತಿ ಓಲೆಯ ಅಂಚು ಎಣ್ಣೆಗಪ್ಪು ಹಿಡಿದಿತ್ತು. ಹಾಗಾಗಿ ಒಂದು ಓಲೆಯ ಕೊನೆಯ ಮಾತು ಓದಿ, ಅದಕ್ಕೆ ಹೊಂದುವ ಓಲೆ ಯಾವುದು ಅಂತ ಹುಡುಕಬೇಕಾಯಿತು. ಅಷ್ಟು ವರ್ಷ ಆ ಓಲೆಗಳ ಜೊತೆ ಬಾಳಿದವಳು ಅವುಗಳನ್ನು ಓದಿದ್ದು ಅದೇ ಮೊದಲು.

ಆಗ ಒಂದು ಸಂಗತಿ ಮತ್ತೆ ಅವಳ ಕಣ್ಣಿಗೆ ಬಿತ್ತು. ಮೂವತ್ತು ಓಲೆಗಳ ಅಂಚು ಕರ್ರಗಿತ್ತು. ಉಳಿದ ಅರವತ್ತರ ಅಂಚು ನಿನ್ನೆ ಮರದಿಂದ ಇಳಿಸಿದ ಹಾಗೆ ಬೆಳ್ಳಗಿತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ. ಮೊದಲು ಕಂಡಾಗಲೆಲ್ಲ ಅವಳು ಅದನ್ನು ಬಹಳ ಪವಿತ್ರವಾದ ಓಲೆ, ಅಯ್ಯನವರೂ ಬೆರಳಿಡಬಾರದ್ದು ಅಂದುಕೊಂಡಿದ್ದಳು. ಈಗ ಮಗಳನ್ನು ಹೊರಗೆ ಹಾಕಿದ ಆ ಕರಿ ಅಂಚಿನ ಓಲೆ ಕೈಗೆ ಬಂತು. ಅದಕ್ಕೆ ಹೊಂದುವ ಮುಂದಿನ ಓಲೆ ಹುಡುಕಿದಳು. ಸಿಕ್ಕಿತು. ಅದು ಬಿಳಿ ಓಲೆ. ಅದರಲ್ಲಿ ಹೀಗಿತ್ತಂತೆ:

"ಹೀಗೆಂದು ಹೇಳಿ ನನ್ನೂರ ಹಿರಿಯರು ನನ್ನನ್ನು ಹೊರಗೆ ಹಾಕಿದರು. ನನ್ನ ತಾಯಿ ಬಾಗಿಲ ಹಿಂದೆಯೇ ನಿಂತಿದ್ದಳು, ಅವಳ ಬಳೆಯ ಸದ್ದು ನನಗೆ ಕೇಳಿತು. ಅವಳು ತೆರೆಯಲಿಲ್ಲ. ಅಂದಿನಿಂದ ನಡೆಯುತ್ತಲೇ ಇದ್ದೇನೆ. ನಿನ್ನ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡು, ಯಾರೆಂದು ಆಮೇಲೆ ಕೇಳು. ನನ್ನ ಹೆಸರಿನಲ್ಲಿ ಮನೆ ಕಟ್ಟಬೇಡ. ಕಟ್ಟಿದರೆ ಅದಕ್ಕೆ ಬಾಗಿಲು ಇಡಬೇಡ."

ನೋಡಿ ಹೇಗಿದೆ. ತನಗಾದ ಅನ್ಯಾಯವನ್ನು ಆ ಮುದುಕ ಬರೆದಿಟ್ಟರೆ, ಇವರು ಅದರ ಅರ್ಧ ಕತ್ತರಿಸಿ ಅದನ್ನೇ ಕಟ್ಟಳೆ ಮಾಡಿಕೊಂಡಿದ್ದರು. ನಿಂಬೆವ್ವ ಆ ಓಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸಂಜೆಯ ತನಕ ಕೂತೇ ಇದ್ದಳಂತೆ. ಅಂಗಳ ಗುಡಿಸುವವರು ಬಂದು ಎದ್ದೇಳು ಅನ್ನುವವರೆಗೆ ಏಳಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಈ ಓಲೆ ಊರಿಗೆ ಕೇಳಿಸಬೇಕು, ಮಗಳಿಗೆ ಬಾಗಿಲು ತೆರೆಯಬೇಕು.

ಮರುದಿನ ಕಿರಿಯ ಅಯ್ಯನವರ ಹತ್ತಿರ ಹೋದಳು. ಹೋಗಿ ನೇರವಾಗಿ ಕೇಳಿದಳು, "ಅಪ್ಪಾರ, ಈ ಬಿಳೆ ಓಲಿ ಯಾಕ ಓದಂಗಿಲ್ಲರಿ?"

ಅಯ್ಯನವರು ಕೆಟ್ಟವರೇನಲ್ಲ. ಪೀಠಕ್ಕೆ ಹೊಸಬರು, ಸ್ವಲ್ಪ ಅಂಜಿಕೆಯ ಮನುಷ್ಯ. ನಮ್ಮ ಗುರುಗಳು ಕಣ್ಣು ಮುಚ್ಚುವಾಗ ಒಂದೇ ಮಾತು ಹೇಳಿದರು ಅಂದರು. ಹೆಬ್ಬೆರಳ ಗುರುತು ಇರುವ ಓಲೆ ಓದು, ಬಿಳಿಯದು ಗುಟ್ಟಿನದು, ಓದದೆ ಮಗುಚಿಬಿಡು ಅಂತ. ಅವರ ಗುರುಗಳೂ ಅವರಿಗೆ ಹಾಗೇ ಹೇಳಿದ್ದರಂತೆ. ಗುಟ್ಟು ಏನು ಅಂತ ನೀವು ನೋಡಿಲ್ಲವೇ ಅಂತ ನಿಂಬೆವ್ವ ಕೇಳಿದಳು. ನೋಡಿದರೆ ಗುಟ್ಟು ಹೇಗಾಗುತ್ತದೆ ಅಂದರಂತೆ ಅಯ್ಯನವರು. ಇದನ್ನು ಕೇಳಿ ನೀವು ನಗುತ್ತೀರಿ. ನಿಂಬೆವ್ವನಿಗೆ ನಗು ಬರಲಿಲ್ಲ.

ಅವಳು ಮತ್ತೆ ಅಂಗಳಕ್ಕೆ ಬಂದು ಎಣ್ಣೆಯ ಬಟ್ಟಲು ಮುಂದಿಟ್ಟುಕೊಂಡಳು. ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿದಳು. ಬಿಳಿ ಓಲೆಯ ಅಂಚಿಗೆ ಒತ್ತಿದಳು. ಮತ್ತೊಂದಕ್ಕೆ ಒತ್ತಿದಳು. ಹಾಗೆ ಅರವತ್ತು ಓಲೆಗೂ ಒತ್ತಿ, ಮೇಲೆ ಎಣ್ಣೆ ಸವರಿ, ಒಣಗಿಸಿ, ದಾರ ಪೋಣಿಸಿದಳು. ತೊಂಬತ್ತೂ ಓಲೆಯ ಅಂಚು ಈಗ ಒಂದೇ ಬಣ್ಣ.

ಶ್ರಾವಣ ಬಂತು. ಓದು ಶುರುವಾಯಿತು. ಮೊದಲ ಎರಡು ದಿನ ಏನೂ ಆಗಲಿಲ್ಲ. ಆ ದಿನಗಳ ಹೊಸ ಓಲೆಗಳಲ್ಲಿ ಅಜ್ಜ ನಡೆದ ದಾರಿಯ ಮಾತಷ್ಟೇ ಇತ್ತು, ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಈ ಸಲ ಅಯ್ಯನವರು ಬಹಳ ಹೊತ್ತು ಓದುತ್ತಿದ್ದಾರೆ ಅಂತ ಊಟಕ್ಕೆ ತಡವಾದವರು ಗೊಣಗಿದರು, ಅಷ್ಟೇ. ಮೂರನೆಯ ದಿನ ಆ ಓಲೆ ಬಂತು. ಕಟ್ಟಳೆ ಮುರಿದವರಿಗೆ ಊರ ನೀರಿಲ್ಲ ಅಂತ ಅಯ್ಯನವರು ಶುರುಮಾಡಿದರು. ಜನ ತಲೆದೂಗುತ್ತ ತಾವೂ ಕೂಡಿ ಹೇಳಿದರು. ಅಯ್ಯನವರು ಓಲೆ ಮಗುಚಿದರು. ಹೆಬ್ಬೆರಳ ಗುರುತು ಇತ್ತು. ಓದಿದರು.

ತಾಯಿಯ ಬಳೆಯ ಸದ್ದಿನ ಹತ್ತಿರ ಬರುವಾಗ ಅವರ ದನಿ ಸಣ್ಣಗಾಯಿತಂತೆ. ಆದರೂ ನಿಲ್ಲಿಸಲಿಲ್ಲ, ಕೊನೆಯವರೆಗೆ ಓದಿದರು. ಅದೊಂದಕ್ಕೆ ಅವರನ್ನು ನಾನು ಮೆಚ್ಚುತ್ತೇನೆ. ನಿಂಬೆವ್ವ ಕಂಬದ ಹತ್ತಿರ ನಿಂತು, ಈಗ ಯಾರಾದರೂ ಅಂದಾರು, ಹೋಗಿ ನಿನ್ನ ಮಗಳನ್ನು ಕರೆದುಕೊಂಡು ಬಾ ಅಂದಾರು ಅಂತ ಕಾದಳು.

ಊರ ಗೌಡ ಎದ್ದು ನಿಂತ. ಇದು ಅಜ್ಜನ ಮಾತಲ್ಲ, ನಾವು ಹುಟ್ಟಿದಾಗಿನಿಂದ ಕೇಳಿಲ್ಲ ಅಂದ. ಕಟ್ಟು ತರಿಸಿ ನೋಡಿದ. ಅಂಚಿನಲ್ಲಿ ಹೊಸ ಮಸಿ ಮಿನುಗುತ್ತಿತ್ತು. ಅರವತ್ತು ಓಲೆಯ ಮೇಲೂ ಒಂದೇ ಗುರುತು, ಸಣ್ಣದು, ಹೆಂಗಸಿನದು. ಎಲ್ಲರೂ ಕಂಬದ ಕಡೆ ತಿರುಗಿದರು.

ನಿಂಬೆವ್ವ ಸುಳ್ಳು ಹೇಳಲಿಲ್ಲ. "ಹೆಬ್ಬಟ್ಟು ನಂದು. ಅಕ್ಷರ ಅಜ್ಜಂದು," ಅಂದಳು.

ಅಕ್ಷರ ಯಾರದು ಅಂತ ನೋಡಲು ಅಲ್ಲಿ ಯಾರಿಗೂ ಮನಸ್ಸಿರಲಿಲ್ಲ. ನೋಡಿದ್ದರೆ ಕುರುಡನಿಗೂ ಗೊತ್ತಾಗುತ್ತಿತ್ತು, ಅದು ಹಳೆಯ ಕೊರೆತ ಅಂತ. ಓಲೆ ಕೆಡಿಸಿದವಳು ಕಟ್ಟಳೆ ಮುರಿದವಳು ಅಂದರು. ಗೌಡನ ಕಡೆಯವರು ಕಟ್ಟು ತೆಗೆದುಕೊಂಡು, ಊರ ನೀರಿಲ್ಲ ಅನ್ನುವ ಅದೇ ಓಲೆ ಓದಿದರು. ಈ ಸಲ ಮುಂದಿನದನ್ನು ಮಗುಚಿಬಿಟ್ಟರು. ಕಿರಿಯ ಅಯ್ಯನವರು ನೆಲ ನೋಡುತ್ತ ಕೂತಿದ್ದರು. ಹನ್ನೆರಡು ವರ್ಷ ಅವಳನ್ನು ಹೊಗಳಿದ ಜನ ಅವಳಿಗೆ ದಾರಿ ಬಿಟ್ಟು ದೂರ ಸರಿದರು.

ನಿಂಬೆವ್ವ ಅಲ್ಲಿಂದಲೇ ಹಳ್ಳಕ್ಕೆ ಇಳಿದಳು. ಮೊಣಕಾಲುದ್ದ ನೀರು ದಾಟಿ ಬುಟ್ಟಿಯವರ ಕೇರಿಗೆ ಹೋದಳು. ಹುಲಿಗೆವ್ವ ಮನೆಯ ಮುಂದೆ ಬಿದಿರು ಸೀಳುತ್ತ ಕೂತಿದ್ದಳು. ತಾಯಿಯನ್ನು ನೋಡಿ ಏಳಲಿಲ್ಲ, ಕೂಡು ಅಂತಲೂ ಅನ್ನಲಿಲ್ಲ. ನಿಂಬೆವ್ವ ನಿಂತುಕೊಂಡೇ ಎಲ್ಲ ಹೇಳಿದಳು. ಮುಂದಿನ ಓಲೆ ಹೀಗಿತ್ತು ಮಗಳೇ, ಅವರು ಮುಚ್ಚಿಟ್ಟಿದ್ದರು, ನನಗೆ ಗೊತ್ತಿರಲಿಲ್ಲ, ಗೊತ್ತಾದ ಕೂಡಲೇ ಓದಿಸಿದೆ, ಊರು ಬಿಟ್ಟು ಬಂದೆ ಅಂದಳು.

ಹುಲಿಗೆವ್ವ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕೇಳಿದಳಂತೆ:

"ಯವ್ವಾ, ಓಲಿ ಹೇಳ್ತು ಅಂತ ಬಾಗಲಾ ಹಾಕ್ಕೊಂಡಿ. ಈಗ ಓಲಿ ಹೇಳ್ತು ಅಂತ ಬಂದಿ. ಈ ಹನ್ನೆಡ್ಡು ವರ್ಸದಾಗ ನಿನ್ನಷ್ಟಕ್ಕ ನಿನಗ ಏನೂ ಅನಸ್ಲೇ ಇಲ್ಲೇನು?"

ನಿಂಬೆವ್ವನಿಗೆ ಅನಿಸಿತ್ತು. ದಿನಾ ಅನಿಸಿತ್ತು. ರೊಟ್ಟಿ ಬಡಿಯುವಾಗ, ನೀರು ತರುವಾಗ, ಬಾಗಿಲು ಹಾಕುವಾಗ ಅನಿಸಿತ್ತು. ಹಾಗೆ ಅನಿಸುವುದೇ ಪಾಪ ಅಂದುಕೊಂಡು ಅದನ್ನು ಒಳಗೇ ತುಳಿದಿಟ್ಟಿದ್ದಳು. ಅದನ್ನು ಅಂದು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತೋ. ಹೇಳಲಾಗಲಿಲ್ಲ. ಹುಲಿಗೆವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಳು. ನಿಂಬೆವ್ವ ಹೊರಗೆ ನಿಂತು ಕುಡಿದು, ತಂಬಿಗೆ ಕೆಳಗಿಟ್ಟು, ಬಂದ ದಾರಿಯಲ್ಲಿ ತಿರುಗಿ ಹೋದಳು.

ಆಮೇಲೆ ಅವಳು ಹಳ್ಳದ ಈಚೆ ದಂಡೆಯ ಮೇಲೆ ಒಂದು ಗುಡಿಸಲು ಹಾಕಿಕೊಂಡಳು. ಊರೂ ಅವಳದಲ್ಲ, ಕೇರಿಯೂ ಅವಳದಲ್ಲ. ದಿನಾ ಹೊತ್ತೇರಿದಾಗ ಆಚೆ ಮನೆಯ ಹೊಗೆ ಕಾಣುತ್ತಿತ್ತು, ಮೊಮ್ಮಗ ಬಿದಿರು ಹೊತ್ತು ಬರುವುದು ಕಾಣುತ್ತಿತ್ತು. ನೋಡುತ್ತ ಕೂಡುತ್ತಿದ್ದಳು. ಏಳು ವರ್ಷಕ್ಕೆ ಮಗಳು ಬಂದು ಕೈಹಿಡಿದು ಕರೆದುಕೊಂಡು ಹೋದಳು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಅವಳು ಆ ಗುಡಿಸಲಿನಲ್ಲಿಯೇ ಸತ್ತಳು, ಮಗಳು ಬಂದದ್ದು ಮಣ್ಣಿಗೆ ಅಂತ ಕೆಲವರು ಹೇಳುತ್ತಾರೆ. ಮೊದಲನೆಯದು ನಿಜವಾಗಿರಲಿ ಅಂತ ನನಗೆ ಆಸೆ. ನಮ್ಮಜ್ಜಿ ಹೇಳುತ್ತಿದ್ದದ್ದು ಎರಡನೆಯದು.

ಮಠ ಈಗಲೂ ಇದೆ, ಹಿತ್ತಾಳೆ ಮೊಳೆಯ ಬಾಗಿಲೂ ಇದೆ. ಕಿರಿಯ ಅಯ್ಯನವರು ಆ ಮಸಿಯನ್ನು ಎಷ್ಟು ಒರೆಸಿದರೂ ಹೋಗಲಿಲ್ಲ, ಅದು ನಿಂಬೆವ್ವನ ಶಾಪ ಅನ್ನುತ್ತಾರೆ. ಶಾಪವೂ ಇಲ್ಲ ಮಣ್ಣೂ ಇಲ್ಲ, ಎಣ್ಣೆಮಸಿ ಒಮ್ಮೆ ಹಿಡಿದರೆ ಹೋಗುವುದಿಲ್ಲ. ಶ್ರಾವಣದಲ್ಲಿ ಒಂಬತ್ತು ದಿನ ಮೊದಲಿನ ಹಾಗೇ ಓದುತ್ತಾರೆ. ಆದರೆ ಮೂರನೆಯ ದಿನ ನೀವು ಕರೇಮಣ್ಣೂರಿಗೆ ಹೋಗಿ ನೋಡಿ, ಮಠದಲ್ಲಿ ಒಬ್ಬ ಹೆಂಗಸೂ ಇರುವುದಿಲ್ಲ. ಅಂದು ಹೆತ್ತ ತಾಯಂದಿರು ಮಕ್ಕಳ ಮನೆಗೆ ಹೋಗುತ್ತಾರೆ. ಕರೆಯದಿದ್ದರೂ ಹೋಗುತ್ತಾರೆ, ಮಾತು ಬಿಟ್ಟಿದ್ದರೂ ಹೋಗುತ್ತಾರೆ, ಹಳ್ಳ ತುಂಬಿದ್ದರೆ ಸುತ್ತುಹಾಕಿ ಹೋಗುತ್ತಾರೆ. ಯಾಕೆ ಬಂದೆ ಅಂತ ಮಗಳು ಕೇಳಿದರೆ ಹಬ್ಬ ಅನ್ನಬಾರದು, ಪದ್ಧತಿ ಅನ್ನಬಾರದು, ಅಜ್ಜ ಹೇಳಿದ್ದಾನೆ ಅನ್ನಬಾರದು. "ನೆನಪಾದಿ, ಬಂದೆ" ಅನ್ನಬೇಕು, ಅಷ್ಟೇ.